ಚಕೋರದ ಕಣ್ಣು

ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ ಎಂದು ಶಾಲೆಯ ಪಾಠ ಹೇಳುತ್ತದೆ. ಮಂಡ್ಯ ತಾಲ್ಲೂಕಿನ ದುದ್ದದಲ್ಲಿ ಒಲೆಯ ಮುಂದೆ ನಿಂತ ಯಾವ ಗೃಹಿಣಿಯೂ ಈ ಮಾತನ್ನು ಒಪ್ಪಲಾರಳು. ಯಾವ ಬಾವಿಯ ನೀರಿನಲ್ಲಿ ತೊಗರಿಬೇಳೆ ಹದವಾಗಿ ಬೆಂದೀತು, ಯಾವ ಕೊಳವೆಬಾವಿಯ ನೀರಿನಲ್ಲಿ ಎಷ್ಟು ಕುದಿಸಿದರೂ ಕಲ್ಲಿನಂತೆಯೇ ಉಳಿದೀತು, ಯಾವ ನೀರಿಗೆ ಸಾಬೂನು ನೊರೆಗಟ್ಟದು, ಯಾವ ನೀರು ಹಂಡೆಯ ಒಳಮೈಗೆ ಬಿಳಿಯ ಪದರ ಹಿಡಿಸೀತು ಎಂಬುದೆಲ್ಲ ಅವಳಿಗೆ ಗೊತ್ತು. ‘ಸಪ್ಪೆ ನೀರು’, ‘ಸವಳು ನೀರು’, ‘ಗಡಸು ನೀರು’ ಎಂಬ ಮಾತುಗಳು ಪ್ರಯೋಗಶಾಲೆಯಲ್ಲಿ ಹುಟ್ಟಿದವಲ್ಲ. ಬಾವಿಕಟ್ಟೆಯ ಮೇಲೆ ಹುಟ್ಟಿದವು. ತಲೆಮಾರುಗಳಿಂದ ನಾಲಿಗೆಯೂ ಬೇಳೆಯೂ ಹಳ್ಳಿಯ ಜಲಪರೀಕ್ಷಕರಾಗಿ ಕೆಲಸ ಮಾಡಿವೆ, ಚೆನ್ನಾಗಿಯೇ ಮಾಡಿವೆ.

ಆದರೆ ಈ ಜಾಣ್ಮೆಗೂ ಒಂದು ಎಲ್ಲೆಯುಂಟು. ಉಪ್ಪು, ಸುಣ್ಣ, ಕಬ್ಬಿಣಗಳನ್ನು ಗುರುತಿಸುವ ನಾಲಿಗೆ, ಸೀಸ, ಪಾದರಸ, ಕ್ಯಾಡ್ಮಿಯಂ, ಯುರೇನಿಯಂ, ಶಂಖಪಾಷಾಣಗಳ ಮುಂದೆ ಕುರುಡಾಗುತ್ತದೆ. ಇವು ಕೇಡು ಮಾಡಲು ಬೇಕಾದ ಪ್ರಮಾಣ ಅಷ್ಟು ಅಲ್ಪ. ಭಾರತೀಯ ಮಾನಕ ಸಂಸ್ಥೆಯ ಕುಡಿಯುವ ನೀರಿನ ನಿಯಮದಂತೆ ಒಂದು ಲೀಟರಿನಲ್ಲಿ ಸೀಸ ೧೦ ಮೈಕ್ರೊಗ್ರಾಂ, ಕ್ಯಾಡ್ಮಿಯಂ ೩, ಪಾದರಸ ೧ ಮೈಕ್ರೊಗ್ರಾಂ ಮೀರಕೂಡದು. ಮೈಕ್ರೊಗ್ರಾಂ ಎಂದರೆ ಗ್ರಾಂನ ಹತ್ತು ಲಕ್ಷದಲ್ಲೊಂದು ಪಾಲು. ಈ ಅಂಕಿಗಳು ಮನಸ್ಸಿಗೆ ಹತ್ತುವುದಿಲ್ಲ. ಮಂಡ್ಯದ ಸೀಮೆಯ ರಾಗಿಯಿಂದ ತೂಗಿ ನೋಡಿದರೆ ಹತ್ತೀತು. ಒಂದು ರಾಗಿಕಾಳು ಸುಮಾರು ಎರಡೂವರೆಯಿಂದ ಮೂರು ಮಿಲಿಗ್ರಾಂ ತೂಗುತ್ತದೆ. ಮನೆಯ ಮಾಳಿಗೆಯ ಮೇಲೆ ಸಾವಿರ ಲೀಟರಿನ ತೊಟ್ಟಿಯೊಂದಿದೆ ಎಂದುಕೊಳ್ಳೋಣ. ಆ ತೊಟ್ಟಿಯ ನೀರಿನಲ್ಲಿ ಕರಗಿರಬಹುದಾದ ಸೀಸದ ಮಿತಿ ಮೂರು ನಾಲ್ಕು ರಾಗಿಕಾಳಿನ ತೂಕ. ಕ್ಯಾಡ್ಮಿಯಂನದು ಒಂದು ಕಾಳು. ಪಾದರಸದ್ದು ಕಾಳಿನ ಮೂರರಲ್ಲೊಂದು ಭಾಗ. ತೊಟ್ಟಿಯ ನೀರನ್ನೆಲ್ಲ ಕುಡಿದು ಮುಗಿಸಿದರೂ ನಾಲಿಗೆ ಇದನ್ನು ಕಾಣಲಾರದು. ದೇಹ ಮಾತ್ರ ಕಾಣುತ್ತದೆ, ನಿಧಾನವಾಗಿ.

ಹೀಗೆ ದೇಹವೇ ಕಂಡ ಪ್ರಸಂಗವೊಂದು ಕರ್ನಾಟಕದಲ್ಲಿ ನಡೆದುಹೋಗಿದೆ. ಯಾದಗಿರಿ ಜಿಲ್ಲೆಯ ಸುರಪುರದ ಸೀಮೆಯಲ್ಲಿ ಕಿರದಳ್ಳಿ ತಾಂಡಾ ಎಂಬ ಸಣ್ಣ ಊರಿದೆ. ಅದರ ಸಮೀಪದ ಮಂಗಳೂರು ಎಂಬಲ್ಲಿ (ಕಡಲತೀರದ ಮಂಗಳೂರಲ್ಲ, ಅದೇ ಹೆಸರಿನ ಹಳ್ಳಿ) ಮುಚ್ಚಿಹೋದ ಒಂದು ಚಿನ್ನದ ಗಣಿ. ಚಿನ್ನವಿರುವ ಕಲ್ಲಿನಲ್ಲಿ ಶಂಖಪಾಷಾಣವೂ ಕೂಡಿಕೊಂಡಿರುವುದು ಭೂಮಿಯ ಹಳೆಯ ವಾಡಿಕೆ. ತಾಂಡಾದ ಜನ ಕೊಳವೆಬಾವಿಯ ತಿಳಿಯಾದ ನೀರು ಕುಡಿಯುತ್ತಿದ್ದರು. ಕೆಲವರ ಅಂಗೈ, ಅಂಗಾಲುಗಳು ಗಟ್ಟಿಯಾಗಿ ಗಂಟುಗಂಟಾದವು. ಮೈಮೇಲೆ ಕಪ್ಪುಬಿಳುಪಿನ ಚುಕ್ಕೆಗಳೆದ್ದವು. ಚರ್ಮದ ಈ ಲಕ್ಷಣಗಳ ಜಾಡು ಹಿಡಿದ ಮೇಲೆಯೇ ನೀರಿನ ಪರೀಕ್ಷೆ ಬಿಗಿಯಾಯಿತು. ೨೦೧೩ರಲ್ಲಿ ಪ್ರಕಟವಾದ ಅಧ್ಯಯನದಂತೆ, ಪರೀಕ್ಷೆಗೊಳಗಾದ ತಾಂಡಾ ನಿವಾಸಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಚರ್ಮದಲ್ಲಿ ಪಾಷಾಣದ ಗುರುತಿತ್ತು. ಇಂಥ ಚಿಹ್ನೆಗಳು ಒಂದು ದಿನದಲ್ಲಿ ಮೂಡುವುದಿಲ್ಲ. ವರ್ಷಗಟ್ಟಲೆ ಅದೇ ನೀರು ಕುಡಿದಿರಬೇಕು. ನೀರಿನ ವಿಷವನ್ನು ಅಲ್ಲಿ ಮೊದಲು ಕಂಡುಹಿಡಿದ ಉಪಕರಣ ಮನುಷ್ಯರ ಅಂಗೈ.

ಮಂಡ್ಯದ ಕಡೆಗೆ ಆ ಬಗೆಯ ಕಥೆಯನ್ನು ಎಳೆದು ತರುವುದು ಅನ್ಯಾಯವಾದೀತು. ಆದರೂ ನೆಲದೊಳಗಿನ ಕಲ್ಲಿನ ಮಾತು ಅಲ್ಲಿಗೂ ಸಲ್ಲುತ್ತದೆ. ಪೂರ್ವ ಕರ್ನಾಟಕದ ೭೩ ಹಳ್ಳಿಗಳ ಅಂತರ್ಜಲವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳೂ ಅವರ ಸಂಗಡಿಗರೂ ಪರೀಕ್ಷಿಸಿದಾಗ, ೫೭ ಹಳ್ಳಿಗಳಲ್ಲಿ ಯುರೇನಿಯಂ ಪ್ರಮಾಣ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯಾದ ಲೀಟರಿಗೆ ೩೦ ಮೈಕ್ರೊಗ್ರಾಂಗಳನ್ನು ದಾಟಿತ್ತು. ಯಾವ ಕಾರ್ಖಾನೆಯೂ ಅದನ್ನು ಸುರಿದದ್ದಲ್ಲ. ಗ್ರಾನೈಟು ಮತ್ತು ನೈಸ್ ಶಿಲೆಗಳಲ್ಲಿ ಅಡಗಿರುವ ಲೋಹ, ಕಾರ್ಬನೇಟು ಬೆರೆತ ನೀರಿನಲ್ಲಿ ಮೆಲ್ಲನೆ ಕರಗಿ ಕೊಳವೆಬಾವಿಯ ಮೂಲಕ ಮೇಲಕ್ಕೆ ಬರುತ್ತದೆ. ಹೆಸರು ಕೇಳಿ ಬಾಂಬಿನ ನೆನಪಾಗುವುದು ಸಹಜ. ಕುಡಿಯುವ ನೀರಿನಲ್ಲಿ ಮಾತ್ರ ಅದರ ವಿಕಿರಣಕ್ಕಿಂತ ಮೂತ್ರಪಿಂಡಗಳಿಗೆ ಅದು ಮಾಡುವ ರಾಸಾಯನಿಕ ಪೆಟ್ಟೇ ಹೆಚ್ಚಿನ ಚಿಂತೆ. ಮಂಡ್ಯ ಜಿಲ್ಲೆಯ ಬಹುಭಾಗದ ತಳದಲ್ಲಿರುವುದೂ ನೈಸ್ ಮತ್ತು ಗ್ರಾನೈಟುಗಳೇ. ಹಾಗೆಂದ ಮಾತ್ರಕ್ಕೆ ಅಲ್ಲಿಯ ನೀರು ಕೆಟ್ಟಿತೆಂದು ತಿಳಿಯಬಾರದು. ಕಲ್ಲಿನ ಬಿರುಕು ಎಲ್ಲಿಂದೆಲ್ಲಿಗೆ ಓಡುತ್ತದೆಂಬುದು ಯಾರ ಅಂಕೆಯಲ್ಲೂ ಇಲ್ಲದ್ದರಿಂದ, ಒಂದೇ ಬೀದಿಯ ಎರಡು ಕೊಳವೆಬಾವಿಗಳ ನೀರು ಎರಡು ತೆರನಾಗಿರಬಹುದು. ಆದಕಾರಣ ಒಂದು ಬಾವಿಯ ಪರವಾಗಿ ಇನ್ನೊಂದು ಸಾಕ್ಷಿ ಹೇಳಲಾರದು. ಪ್ರತಿಯೊಂದನ್ನೂ ಪ್ರತ್ಯೇಕವಾಗಿ ಕೇಳಬೇಕು, ಮತ್ತೆ ಮತ್ತೆ ಕೇಳಬೇಕು.

ಕೇಳುವ ಯಂತ್ರಗಳಿಲ್ಲವೆಂದಲ್ಲ. ನೀರನ್ನು ಆವಿಯಾಗಿಸಿ, ಒಂದೊಂದು ಲೋಹದ ಪರಮಾಣುವೂ ಹೀರುವ ಬೆಳಕಿನಿಂದ ಅದನ್ನು ಗುರುತಿಸುವ ವಿಧಾನವನ್ನು ಆಸ್ಟ್ರೇಲಿಯದ ಅಲನ್ ವಾಲ್ಷ್ ೧೯೫೦ರ ದಶಕದಲ್ಲಿ ರೂಪಿಸಿದ. ಅದಕ್ಕಿಂತ ಸೂಕ್ಷ್ಮವಾದ ಯಂತ್ರಗಳು ಆಮೇಲೆ ಬಂದಿವೆ. ಅವುಗಳ ನಿಖರತೆಯನ್ನು ಮೀರಿಸುವುದು ಕಷ್ಟ. ಆದರೆ ಅವು ನಗರದಲ್ಲಿರುತ್ತವೆ. ತಣ್ಣಗಿನ ಕೋಣೆ, ಶುದ್ಧವಾದ ಅನಿಲ, ತರಬೇತಾದ ಕೈ ಇವನ್ನೆಲ್ಲ ಬೇಡುತ್ತವೆ. ನೀರಿನ ಸೀಸೆಗೆ ನೈಟ್ರಿಕ್ ಆಮ್ಲದ ಹನಿ ಹಾಕಿ ಕಳುಹಿಸದಿದ್ದರೆ ಲೋಹ ಸೀಸೆಯ ಗೋಡೆಗೇ ಅಂಟಿಕೊಂಡು ಲೆಕ್ಕ ತಪ್ಪುತ್ತದೆ. ಸೀಸೆ ಹೋಗಿ, ಸರದಿ ಬಂದು, ಫಲಿತಾಂಶದ ಕಾಗದ ಹಿಂದಿರುಗುವವರೆಗೆ ಮನೆಯವರು ನೀರು ಕುಡಿಯದೆ ಇರುವುದುಂಟೆ?

ಈ ನಡುವಿನ ಶೂನ್ಯವನ್ನು ನಗರಗಳಲ್ಲಿ ಒಂದು ಚಿಕ್ಕ ಲೇಖನಿಯಂಥ ಯಂತ್ರ ತುಂಬಿದೆ. ಕರಗಿದ ಒಟ್ಟು ಲವಣಗಳನ್ನು ತೋರಿಸುವ ಇದು, ನಿಜವಾಗಿ ಅಳೆಯುವುದು ನೀರಿನಲ್ಲಿ ವಿದ್ಯುತ್ತು ಎಷ್ಟು ಸರಾಗವಾಗಿ ಹರಿಯುತ್ತದೆ ಎಂಬುದನ್ನು. ಲೀಟರಿಗೆ ೩೦೦ ಮಿಲಿಗ್ರಾಂ ಎಂದು ಅದು ತೋರಿಸಿತೆನ್ನಿ. ಸೀಸದ ಮಿತಿ ಮಿಲಿಗ್ರಾಂನ ನೂರರಲ್ಲೊಂದು ಪಾಲು. ಮುನ್ನೂರರ ಗದ್ದಲದಲ್ಲಿ ಆ ನೂರರಲ್ಲೊಂದರ ಪಿಸುಮಾತು ಕೇಳಿಸುವುದು ಹೇಗೆ? ನೀರು ಶುದ್ಧಿಯ ಯಂತ್ರ ಮಾರುವ ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎರಡು ಲೋಟಗಳಲ್ಲಿ ಲೋಹದ ಕಡ್ಡಿಗಳನ್ನು ಅದ್ದಿ ವಿದ್ಯುತ್ತು ಹಾಯಿಸಿ, ನಲ್ಲಿಯ ನೀರು ಕಂದುಬಣ್ಣಕ್ಕೆ ತಿರುಗಿದ್ದನ್ನು ತೋರಿಸಿ ಮನೆಯವರನ್ನು ಬೆಚ್ಚಿಬೀಳಿಸುತ್ತಾರೆ. ಆ ಕಂದು ಕೊಳೆ ಬಂದದ್ದು ನೀರಿನಿಂದಲ್ಲ, ಕಡ್ಡಿಯ ಕಬ್ಬಿಣ ಕರಗಿ ತುಕ್ಕಾದದ್ದರಿಂದ. ಲವಣ ತೆಗೆದ ನೀರಿನಲ್ಲಿ ವಿದ್ಯುತ್ತು ಹರಿಯದಾದ ಕಾರಣ ಅದು ತಿಳಿಯಾಗಿಯೇ ಉಳಿಯುತ್ತದೆ. ಇದನ್ನು ಪರೀಕ್ಷೆಯೆನ್ನುವುದಕ್ಕಿಂತ ಗಾರುಡಿಗನ ಆಟವೆನ್ನುವುದು ಮೇಲು.

ಹಾಗಾದರೆ ಅಡುಗೆಮನೆಗೂ ಪ್ರಯೋಗಶಾಲೆಗೂ ನಡುವೆ ನಿಲ್ಲಬಲ್ಲ ಸಾಕ್ಷಿ ಯಾವುದು? ಹಳೆಯ ಕಾಲದವರು ಇದಕ್ಕೆ ಉತ್ತರವನ್ನು ಜೀವಿಗಳಲ್ಲಿ ಹುಡುಕಿದರು. ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರದಲ್ಲಿ ದೊರೆತ ತಾಳೆಯೋಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚು ಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಅರಮನೆಯ ವಿಷಪರೀಕ್ಷೆಯ ಪ್ರಸ್ತಾಪ ಬರುತ್ತದೆ. ವಿಷದ ಸಮೀಪದಲ್ಲಿ ಕ್ರೌಂಚಕ್ಕೆ ಮದವೇರುತ್ತದೆ, ಕೋಗಿಲೆ ಸಾಯುತ್ತದೆ, ಚಕೋರದ ಕಣ್ಣು ಬಣ್ಣಗೆಡುತ್ತದೆ ಎಂದು ಅಲ್ಲಿ ಹೇಳಿದೆ. ಹಕ್ಕಿಗಳ ಬಗೆಗಿನ ನಂಬಿಕೆ ನಿಜವೋ ಸುಳ್ಳೋ, ಹಿಂದಿರುವ ಆಲೋಚನೆ ಸೊಗಸಾದದ್ದು: ಮನುಷ್ಯನಿಗಿಂತ ಮೊದಲು ವಿಷವನ್ನರಿಯುವ ಒಂದು ಜೀವವನ್ನು ಹತ್ತಿರ ಇಟ್ಟುಕೊಂಡು ಅದರ ಮುಖ ನೋಡುತ್ತಿರುವುದು. ಇಂದಿನ ವಿಜ್ಞಾನಿಗಳು ‘ಜೀವಸಂವೇದಕ’ ಎಂದು ಕರೆಯುವ ಉಪಕರಣದ ತತ್ವವೂ ಇದೇ. ಇಡೀ ಹಕ್ಕಿಯ ಬದಲು ಒಂದು ಕಿಣ್ವ, ಒಂದು ಸೂಕ್ಷ್ಮಾಣು, ಇಲ್ಲವೇ ಒಂದು ತುಣುಕು ಡಿಎನ್‌ಎ. ಬಣ್ಣಗೆಡುವ ಕಣ್ಣಿನ ಬದಲು ಅಳೆಯಬಹುದಾದ ಬಣ್ಣ, ಬೆಳಕು ಅಥವಾ ವಿದ್ಯುತ್ತು.

ಇಂಥ ಒಂದು ಉಪಕರಣ ಎಷ್ಟೋ ಮನೆಗಳಲ್ಲಿ ಆಗಲೇ ಇದೆ. ಮಧುಮೇಹದ ಅಜ್ಜ ಬೆರಳ ತುದಿ ಚುಚ್ಚಿಕೊಂಡು ರಕ್ತದ ಹನಿ ಇಡುವ ಪಟ್ಟಿ ಜೀವಸಂವೇದಕವೇ. ಅಮೆರಿಕದ ಲೆಲೆಂಡ್ ಕ್ಲಾರ್ಕ್ ೧೯೬೨ರಲ್ಲಿ ಕಿಣ್ವವೊಂದನ್ನು ವಿದ್ಯುದಗ್ರಕ್ಕೆ ಜೋಡಿಸಿ ಸಕ್ಕರೆಯನ್ನು ಅಳೆಯುವ ಬಗೆಯನ್ನು ಸೂಚಿಸಿದ. ಅದರ ಮರಿಮಕ್ಕಳೇ ಇಂದಿನ ಪಟ್ಟಿಗಳು. ಹಾಗಾದರೆ ಸಕ್ಕರೆಯನ್ನು ಹಿಡಿಯುವ ಯಂತ್ರ ಅಂಗಡಿಯಲ್ಲಿ ಸಿಗುವಾಗ ಸೀಸವನ್ನು ಹಿಡಿಯುವ ಯಂತ್ರಕ್ಕೇಕೆ ಇಷ್ಟು ತಡ? ಆರೋಗ್ಯವಂತನ ರಕ್ತದಲ್ಲಿ ಲೀಟರಿಗೆ ಸುಮಾರು ಒಂದು ಗ್ರಾಂ ಸಕ್ಕರೆಯಿರುತ್ತದೆ. ನೀರಿನಲ್ಲಿ ಹುಡುಕಬೇಕಾದ ಸೀಸ ಅದರ ಲಕ್ಷದಲ್ಲೊಂದು ಪಾಲು. ಸಕ್ಕರೆಯ ನಾಡಿನಲ್ಲಿ ಸಕ್ಕರೆ ಅಳೆಯುವುದು ಹೆಚ್ಚೇನಲ್ಲ. ಕಷ್ಟವಿರುವುದು ಈ ಲಕ್ಷದ ಅಂತರದಲ್ಲಿ.

ಲೋಹ ಹಿಡಿಯುವ ಕಿಣ್ವಗಳಲ್ಲಿ ಹಳೆಯದೂ ಮಂಡ್ಯದ ರೈತನಿಗೆ ಗೊತ್ತಿಲ್ಲದೆಯೇ ಪರಿಚಯವಾಗಿರುವುದೂ ಯೂರಿಯೇಸ್. ಕಬ್ಬಿನ ಗದ್ದೆಗೆ ಯೂರಿಯಾ ಎರಚಿದ ಮೇಲೆ ಮೂಗಿಗೆ ಬಡಿಯುವ ಘಾಟು ಅಮೋನಿಯದ್ದು. ಮಣ್ಣಿನ ಸೂಕ್ಷ್ಮಜೀವಿಗಳ ಯೂರಿಯೇಸ್ ಗೊಬ್ಬರವನ್ನು ಒಡೆದು ಅದನ್ನು ಹೊರಡಿಸುತ್ತದೆ. ಇದೇ ಕಿಣ್ವ ಅನೇಕ ದ್ವಿದಳ ಧಾನ್ಯಗಳಲ್ಲೂ ಇದೆ. ಇದನ್ನು ಶುದ್ಧ ಹರಳಾಗಿ ಮೊಟ್ಟಮೊದಲು ಬೇರ್ಪಡಿಸಿದವನು ಜೇಮ್ಸ್ ಸಮ್ನರ್. ಹದಿನೇಳನೆಯ ವಯಸ್ಸಿನಲ್ಲಿ ಬೇಟೆಯ ಅಪಘಾತದಲ್ಲಿ ಎಡಗೈಯನ್ನು ಕಳೆದುಕೊಂಡ ಈತ, ಹುಟ್ಟಾ ಎಡಚ. ಬಲಗೈಗೆ ಎಲ್ಲವನ್ನೂ ಹೊಸದಾಗಿ ಕಲಿಸಿದ. ಕತ್ತಿಯಂಥ ಉದ್ದನೆಯ ಕಾಯಿ ಬಿಡುವ ಒಂದು ಜಾತಿಯ ಅವರೆಯ ಹಿಟ್ಟನ್ನು ಹಿಡಿದು ಒಂಬತ್ತು ವರ್ಷ ದುಡಿದು, ೧೯೨೬ರಲ್ಲಿ ಹರಳನ್ನು ಕಂಡ. ಕಿಣ್ವವೆಂದರೆ ಪ್ರೋಟೀನೇ ಎಂಬ ಅವನ ಮಾತನ್ನು ದೊಡ್ಡದೊಡ್ಡವರು ನಂಬಲಿಲ್ಲ. ನೊಬೆಲ್ ಪಾರಿತೋಷಕ ಬಂದದ್ದು ೧೯೪೬ರಲ್ಲಿ.

ಪಾದರಸ, ಬೆಳ್ಳಿ, ತಾಮ್ರಗಳ ಸೋಂಕು ತಗುಲಿದರೆ ಯೂರಿಯೇಸ್ ಕೈಕಟ್ಟಿ ಕುಳಿತುಬಿಡುತ್ತದೆ. ಈ ದೌರ್ಬಲ್ಯವೇ ಅದರ ಗುಣ. ಪರೀಕ್ಷಿಸಬೇಕಾದ ನೀರಿಗೆ ಕಿಣ್ವವನ್ನೂ ಯೂರಿಯಾವನ್ನೂ ಬೆರೆಸಿದಾಗ ಅಮೋನಿಯ ಹುಟ್ಟಿ ನೀರು ಕ್ಷಾರವಾಗಬೇಕು. ಅರಿಸಿನದ ನೀರಿಗೆ ಸುಣ್ಣ ಬಿದ್ದೊಡನೆ ಆರತಿಯ ತಟ್ಟೆ ಕೆಂಪಾಗುವಂತೆ, ಕ್ಷಾರಕ್ಕೆ ಬಣ್ಣ ಬದಲಿಸುವ ದ್ರವ್ಯವೊಂದು ಅದನ್ನು ತೋರಿಸುತ್ತದೆ. ಬಣ್ಣ ತಡವಾಗಿ ಬಂದರೆ ಅಥವಾ ಬಾರದೆ ಹೋದರೆ, ಕಿಣ್ವವನ್ನು ಯಾರೋ ತಡೆದಿದ್ದಾರೆಂದೇ ಅರ್ಥ. ತಡದ ಪ್ರಮಾಣದಿಂದ ಲೋಹದ ಪ್ರಮಾಣವನ್ನು ಊಹಿಸಬಹುದು. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಸಂಶೋಧಕರು ಯೂರಿಯೇಸನ್ನು ಪಡೆದದ್ದು ತೊಗರಿಯಿಂದ. ಬೇಳೆ ಬೇಯುವುದನ್ನು ನೋಡಿ ನೀರಿನ ಗುಣ ಹೇಳುವ ದುದ್ದದ ಗೃಹಿಣಿಗೆ, ಅದೇ ತೊಗರಿ ಪಾದರಸದ ವಿಷಯದಲ್ಲೂ ಸಾಕ್ಷಿ ನುಡಿಯಬಲ್ಲದೆಂದು ಕೇಳಿ ಆಶ್ಚರ್ಯವಾಗದಿರದು. ಆದರೆ ಯೂರಿಯೇಸ್ ಮನೆಯ ನಾಯಿಯಿದ್ದಂತೆ. ಯಾರೋ ಬಂದರೆಂದು ಬೊಗಳುತ್ತದೆ. ಬಂದವರ ಹೆಸರು ಹೇಳದು. ಸೀಸ ಬಂದರಂತೂ ಅದು ಹೆಚ್ಚಾಗಿ ಬೊಗಳುವುದೂ ಇಲ್ಲ.

ಹೆಸರು ಹಿಡಿದು ಹೇಳುವ ಸಾಕ್ಷಿ ಸೂಕ್ಷ್ಮಾಣುಗಳಲ್ಲಿ ಸಿಕ್ಕಿತು. ಮನುಷ್ಯ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಇವು ಪಾಷಾಣದೊಡನೆ ಹೋರಾಡಿ, ಒಳಗೆ ಬಂದ ವಿಷವನ್ನು ಹೊರದಬ್ಬುವ ಪಂಪುಗಳನ್ನು ಕಟ್ಟಿಕೊಂಡಿವೆ. ಸುಮ್ಮಸುಮ್ಮನೆ ಪಂಪು ನಡೆಸುವುದು ಶಕ್ತಿಯ ದಂಡವಾದ್ದರಿಂದ, ಪಂಪಿನ ವಂಶವಾಹಿಯ ಮೇಲೆ ಕಾವಲಿನ ಪ್ರೋಟೀನೊಂದು ಬೀಗದಂತೆ ಕುಳಿತಿರುತ್ತದೆ. ಪಾಷಾಣ ಬಂದು ಅದಕ್ಕಂಟಿದೊಡನೆ ಬೀಗ ಕಳಚುತ್ತದೆ, ಪಂಪು ತಯಾರಾಗುತ್ತದೆ. ವಿಜ್ಞಾನಿಗಳು ಮಾಡಿದ್ದು ಇಷ್ಟೇ: ಅದೇ ಬೀಗದ ಕೆಳಗೆ ಬೆಳಕು ಅಥವಾ ಬಣ್ಣ ಕೊಡುವ ವಂಶವಾಹಿಯೊಂದನ್ನು ಜೋಡಿಸಿದರು. ಪಾಷಾಣ ಬಂದರೆ ಈಗ ಸೂಕ್ಷ್ಮಾಣು ಮಿನುಗುತ್ತದೆ. ಸ್ವಿಟ್ಜರ್ಲೆಂಡಿನ ಯಾನ್ ರೋಲೊಫ್ ವಾನ್ ಡರ್ ಮೀರ್ ಮತ್ತು ಸಂಗಡಿಗರು ೨೦೦೩ರಲ್ಲಿ ಇಂಥ ಸೂಕ್ಷ್ಮಾಣುಗಳ ವರದಿ ಪ್ರಕಟಿಸಿದರು. ವಿಯೆಟ್ನಾಮಿನ ಕೆಂಪುನದಿ ಹಾಗೂ ಮೆಕಾಂಗ್ ನದಿಗಳ ಮುಖಜ ಭೂಮಿಯಿಂದ ತಂದ ೧೯೪ ಬಾವಿ ನೀರಿನ ಮಾದರಿಗಳನ್ನು ಅವುಗಳಿಗೆ ಉಣಿಸಿ ನೋಡಿದ ಫಲಿತಾಂಶ ೨೦೦೫ರಲ್ಲಿ ಹೊರಬಂದಿತು. ಲೀಟರಿಗೆ ೧೦ ಮೈಕ್ರೊಗ್ರಾಂನ ಗೆರೆಯಲ್ಲಿ, ಕೆಟ್ಟ ನೀರನ್ನು ಒಳ್ಳೆಯದೆಂದದ್ದು ನೂರಕ್ಕೆ ೮. ಒಳ್ಳೆಯದನ್ನು ಕೆಟ್ಟದ್ದೆಂದದ್ದು ನೂರಕ್ಕೆ ೨.೪. ಆ ಕಾಲದ ರಾಸಾಯನಿಕ ಪೆಟ್ಟಿಗೆಗಳಿಗಿಂತ ಇದು ಬಹಳ ಮೇಲು.

ಮೂರನೆಯ ಸಾಕ್ಷಿ ಇನ್ನೂ ವಿಚಿತ್ರ. ಡಿಎನ್‌ಎ ಎಂದರೆ ವಂಶದ ಬರಹ, ಬೇರೆ ಕೆಲಸ ಅದಕ್ಕಿಲ್ಲ ಎಂದೇ ಎಲ್ಲರೂ ತಿಳಿದಿದ್ದರು. ೧೯೯೪ರಲ್ಲಿ ರೊನಾಲ್ಡ್ ಬ್ರೇಕರ್ ಮತ್ತು ಜೆರಾಲ್ಡ್ ಜಾಯ್ಸ್ ಕತ್ತರಿಯಂತೆ ಕೆಲಸ ಮಾಡುವ ಡಿಎನ್‌ಎ ತುಣುಕೊಂದನ್ನು ಪ್ರಯೋಗಶಾಲೆಯಲ್ಲಿ ಪಡೆದರು. ಆ ಕತ್ತರಿ ಆಡಲು ಸೀಸ ಬೇಕಾಗಿತ್ತು. ಸೀಸವಿದ್ದರೆ ಮಾತ್ರ ಕತ್ತರಿಸುವ ಕತ್ತರಿಯೇ ಸೀಸಕ್ಕೆ ಸಾಕ್ಷಿಯಲ್ಲವೆ? ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಯೀ ಲು ೨೦೦೦ದಲ್ಲಿ ಈ ಜಾತಿಯ ಕತ್ತರಿಗೆ ಹೊಳೆಯುವ ಬಾಲ ಕಟ್ಟಿ ಸೀಸದ ಸಂವೇದಕವನ್ನು ಮಾಡಿದರು. ೨೦೦೭ರಲ್ಲಿ ಅವರ ಬಳಗವೇ ಯುರೇನಿಯಂಗೆ ಮಾತ್ರ ಬಾಯಿ ತೆರೆಯುವ ಇನ್ನೊಂದನ್ನು ತಂದಿತು. ಲಕ್ಷಕೋಟಿಯಲ್ಲಿ ೧೧ ಪಾಲಿನಷ್ಟು ಯುರೇನಿಯಂ ಇದ್ದರೂ ಅದು ಕಾಣುತ್ತಿತ್ತು. ಕರ್ನಾಟಕದ ಗ್ರಾನೈಟಿನ ಮೇಲೆ ಕುಳಿತ ಹಳ್ಳಿಗಳಿಗೆ ಅಗತ್ಯವಾದದ್ದಕ್ಕಿಂತ ಇದು ಸಾವಿರಾರು ಪಟ್ಟು ಸೂಕ್ಷ್ಮ.

ಹೀಗಿದ್ದರೂ ಇವು ಹಳ್ಳಿಯ ಕೊಳಾಯಿಯ ಬಳಿಗೆ ಬಂದು ನಿಲ್ಲದಿರುವುದಕ್ಕೆ ಕಾರಣಗಳುಂಟು. ಕಿಣ್ವ ಬಿಸಿಲಿಗೆ ಸಾಯುತ್ತದೆ. ಗಡಸು ನೀರಿನಲ್ಲಿರುವ ಬೈಕಾರ್ಬನೇಟು ಕ್ಷಾರದ ಏರಿಳಿತವನ್ನು ನುಂಗಿಕೊಂಡು, ಬರಬೇಕಾದ ಬಣ್ಣವನ್ನು ತಡಮಾಡಿ ಸುಳ್ಳು ಸಾಕ್ಷಿ ಹುಟ್ಟಿಸಬಹುದು. ಶುದ್ಧಜಲದಲ್ಲಿ ಜಾಣನಾದ ಸಂವೇದಕ, ಸುಣ್ಣ ಉಪ್ಪುಗಳಿಂದ ಕೂಡಿದ ನಿಜವಾದ ಬಾವಿನೀರಿನಲ್ಲಿ ತಬ್ಬಿಬ್ಬಾಗುವುದು ಈ ಕ್ಷೇತ್ರದ ಹಳೆಯ ಗೋಳು. ಸೂಕ್ಷ್ಮಾಣುವಿನ ತೊಡಕು ಬೇರೆ. ವಂಶವಾಹಿ ಬದಲಿಸಿದ ಜೀವಿಯನ್ನು ಸೀಸೆಯಲ್ಲಿಟ್ಟು ಊರೂರಿಗೆ ಹಂಚುವಂತಿಲ್ಲ. ಭಾರತದಲ್ಲಿ ೧೯೮೯ರ ನಿಯಮಗಳು ಅದಕ್ಕೆ ಅನುಮತಿಯ ಕಟ್ಟು ಹಾಕಿವೆ, ಹಾಕಿರುವುದೂ ಸರಿಯೇ. ಇನ್ನು ಆ ನೂರಕ್ಕೆ ೮ರ ಮಾತು. ಪ್ರಬಂಧದ ಕೋಷ್ಟಕದಲ್ಲಿ ಅದು ಸಣ್ಣ ಅಂಕಿ. ಆ ಎಂಟು ಬಾವಿಗಳಲ್ಲಿ ಒಂದರ ನೀರನ್ನು ‘ಒಳ್ಳೆಯದು’ ಎಂಬ ಚೀಟಿ ಹಚ್ಚಿ ಕುಡಿಯುವ ಮನೆಗೆ ಸಣ್ಣದಲ್ಲ. ಆದ್ದರಿಂದ ಜೀವಸಂವೇದಕವನ್ನು ನ್ಯಾಯಾಧೀಶನೆಂದು ಕೂರಿಸುವುದಕ್ಕಿಂತ ಊರ ತಳವಾರನೆಂದು ನಿಲ್ಲಿಸುವುದು ವಿವೇಕ. ಅನುಮಾನ ಬಂದ ನೀರನ್ನು ಅವನು ಹಿಡಿದು ಕೊಡಲಿ. ತೀರ್ಪನ್ನು ನಗರದ ದೊಡ್ಡ ಯಂತ್ರ ಹೇಳಲಿ. ತಳವಾರ ದಿನವೂ ಸುತ್ತುತ್ತಾನೆ ಎಂಬುದೇ ಇಲ್ಲಿ ಲಾಭ.

ಆ ಸುತ್ತುವ ಕೆಲಸಕ್ಕೆ ಜನ ಇಲ್ಲದಿಲ್ಲ. ೨೦೧೯ರಲ್ಲಿ ಆರಂಭವಾದ ಜಲಜೀವನ್ ಮಿಷನ್ನಿನ ಯೋಜನೆಯಂತೆ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷಿಸುವ ಪೆಟ್ಟಿಗೆಯ ಬಳಕೆಯನ್ನು ಕಲಿಸಬೇಕು. ಬಾವಿಕಟ್ಟೆಯ ಮೇಲೆ ಹುಟ್ಟಿದ ವಿದ್ಯೆಗೆ ಇದಕ್ಕಿಂತ ತಕ್ಕ ವಾರಸುದಾರರಿಲ್ಲ. ಗಡಸುತನ, ಫ್ಲೋರೈಡ್, ನೈಟ್ರೇಟ್, ಕಬ್ಬಿಣಗಳನ್ನು ಆ ಪೆಟ್ಟಿಗೆ ಬಣ್ಣದಿಂದ ತೋರಿಸುತ್ತದೆ. ಸೀಸ, ಕ್ಯಾಡ್ಮಿಯಂ, ಯುರೇನಿಯಂಗಳು ಅದರ ಸಾಮಾನ್ಯ ಪಟ್ಟಿಯಲ್ಲಿಲ್ಲ. ಹಳ್ಳಿಹಳ್ಳಿಗೂ ಬಂದಿರುವ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿಯೂ ಇದೇ ಕೊರತೆ. ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಒಳಗಿನ ಪೊರೆ ಸರಿಯಿದ್ದಷ್ಟು ದಿನ ಭಾರಲೋಹಗಳೂ ಬಹುಮಟ್ಟಿಗೆ ನಿಲ್ಲುತ್ತವೆ. ಪೊರೆ ಹಳತಾಗಿ ಸೋರತೊಡಗಿದ ದಿನ ಕ್ಯಾನು ಹಿಡಿದು ನಿಂತವರಿಗೆ ಯಾವ ಗುರುತೂ ಸಿಗದು. ನೀರು ಆಗಲೂ ತಿಳಿಯಾಗಿಯೇ ಇರುತ್ತದೆ. ಬೇಳೆ ಆಗಲೂ ಬೇಯುತ್ತದೆ. ಚಕೋರವನ್ನು ಎಲ್ಲಿ ಕೂರಿಸಬೇಕೆಂದು ಕೇಳಿದರೆ ಮೊದಲ ಜಾಗ ಆ ಘಟಕದ ಕೊಳಾಯಿಯ ಪಕ್ಕ. ಆಹಾರದಲ್ಲಿನ ಕೀಟನಾಶಕಗಳನ್ನು ಹಿಡಿಯುವ ಜೀವಸಂವೇದಕಗಳ ಮೇಲೆ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ ವರ್ಷಗಟ್ಟಲೆ ಕೆಲಸ ನಡೆದಿದೆ. ಅಲ್ಲಿಂದ ದುದ್ದಕ್ಕೆ ದೂರವೇನೂ ಹೆಚ್ಚಿಲ್ಲ.

ಅಲ್ಲಿಯವರೆಗೆ ಅನುಮಾನವಿರುವವರು ಜಿಲ್ಲಾ ಕೇಂದ್ರದ ಜಲಪರೀಕ್ಷಾಲಯಕ್ಕೇ ಸೀಸೆ ಒಯ್ಯಬೇಕು. ಭಾರಲೋಹಗಳನ್ನು ಅಳೆಯುತ್ತಾರೆಯೇ ಎಂದು ಮೊದಲು ಕೇಳಿಕೊಂಡು, ಅವರೇ ಕೊಟ್ಟ ಸೀಸೆಯಲ್ಲಿ, ಅವರು ಹೇಳಿದಂತೆ ಹಿಡಿಯುವುದು ಲೇಸು. ಕೊಳವೆಬಾವಿಯ ನೀರಿಗಾದರೆ ಪಂಪನ್ನು ಕೆಲಹೊತ್ತು ಓಡಿಸಿ ನೆಲದೊಳಗಿನ ಹೊಸ ನೀರು ಬಂದ ಮೇಲೆ ಹಿಡಿಯಬೇಕು. ಮನೆಯೊಳಗಿನ ಸೀಸವನ್ನು ಹುಡುಕುವ ಕ್ರಮ ಇದಕ್ಕೆ ತಿರುವುಮುರುವು. ಸೀಸ ಬಹುಪಾಲು ಸೇರುವುದು ಹಿತ್ತಾಳೆಯ ನಲ್ಲಿಯಿಂದ, ಬೆಸುಗೆಯಿಂದ, ಹಳೆಯ ಕೊಳವೆಯಿಂದ. ರಾತ್ರಿಯಿಡೀ ಅಲ್ಲಿ ನಿಂತ ನೀರು ಅದನ್ನು ಕರಗಿಸಿಕೊಂಡಿರುತ್ತದೆ. ಬೆಳಗ್ಗೆ ನಲ್ಲಿ ತಿರುಗಿಸಿ ಮೊದಲ ನೀರನ್ನು ಚೆಲ್ಲಿ, ಆಮೇಲೆ ಬಿಂದಿಗೆ ಹಿಡಿಯುವುದು ಎಷ್ಟೋ ಮನೆಗಳ ವಾಡಿಕೆ. ಕುಡಿಯುವುದಕ್ಕೆ ಅದೇ ಸರಿಯಾದ ಪದ್ಧತಿ. ಪರೀಕ್ಷೆಯ ದಿನ ಮಾತ್ರ, ಚೆಲ್ಲಿಹೋಗುವ ಆ ಮೊದಲ ನೀರೇ ಸೀಸೆಗೆ ಬೀಳಬೇಕು.